ಗೋಡೆಗೆ ಹೊದಿಕೆ, ಮನೆಗೆ ಉಸಿರು



ಗೋಡೆ, ಛಾವಣಿಗಳ ವಿಷಯದಲ್ಲಿ ವೈದ್ಯನಿಗೇನು ಕೆಲಸವೆಂದು ತಾವು ಕೇಳಬಹುದು. ಚಳಿಗಾಲದಲ್ಲಿ ಉಬ್ಬಸದಿಂದ ಬಳಲುವ ಮಕ್ಕಳನ್ನು ಕರೆತರುವ ತಂದೆತಾಯಿಯರಲ್ಲಿ ನಾನು ಅವರ ಮನೆಯ ಗೋಡೆಗಳ ಸ್ಥಿತಿಯನ್ನೂ ವಿಚಾರಿಸುತ್ತೇನೆ. ಆ ಅಭ್ಯಾಸವೇ ನನ್ನನ್ನು ಈ ಇತಿಹಾಸದತ್ತ ಎಳೆಯಿತು.

ನಮ್ಮ ಮಲೆನಾಡಿನ ಹಿರಿಯರು ಹೆಂಚಿನ ಕೆಳಗೆ ಮರದ ಮುಚ್ಚಿಗೆ ಕಟ್ಟಿ, ನಡುವಣ ಗಾಳಿಯನ್ನೇ ಬಿಸಿಲಿಗೆ ತಡೆಯಾಗಿಸಿದರು. ನಿಶ್ಚಲವಾದ ಗಾಳಿಯು ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ಇಂದಿನ ಗಾಜಿನ ಉಣ್ಣೆಯ ಗುಟ್ಟೂ ಅದೇ.

1973ರ ತೈಲ ಬಿಕ್ಕಟ್ಟಿನ ಬಳಿಕ, ನಾವು ನೆಲೆಸಿರುವ ಕೆನಡಾದಲ್ಲಿ ಮನೆಗಳಿಗೆ ಶಾಖನಿರೋಧಕ ಹೊದಿಕೆ ಹಾಕಿಸಲು ಸರಕಾರವೇ ಸಹಾಯಧನ ನೀಡಿತು. ಅನೇಕರು ಗೋಡೆಯ ಪೊಳ್ಳಿನೊಳಗೆ ಯೂರಿಯಾ ಫಾರ್ಮಾಲ್ಡಿಹೈಡ್ ನೊರೆಯನ್ನು ತುಂಬಿಸಿದರು. ಅದರಿಂದ ಹೊರಡುವ ಅನಿಲವು ಕಣ್ಣು, ಮೂಗು, ಗಂಟಲುಗಳನ್ನು ಕೆರಳಿಸಬಲ್ಲದೆಂಬ ಆತಂಕ ಬೆಳೆದು, 1980ರ ಡಿಸೆಂಬರಿನಲ್ಲಿ ಅದು ನಿಷೇಧಕ್ಕೊಳಗಾಯಿತು. ಔಷಧವನ್ನು ಕೊಡುವಾಗ ರೋಗಿಯನ್ನೇ ಮರೆತಂತಾಯಿತು.

ಆದರೆ ಸರಿಯಾದ ದಾರಿ 1977ರಲ್ಲೇ ತೆರೆದಿತ್ತು. ಹೆರಾಲ್ಡ್ ಆರ್ ಮತ್ತು ಸಂಗಡಿಗರು ಸಸ್ಕಾಚೆವನ್ ಪ್ರಾಂತ್ಯದ ರಿಜೈನಾ ನಗರದಲ್ಲಿ ಒಂದು ಪ್ರಾಯೋಗಿಕ ಮನೆಯನ್ನು ನಿರ್ಮಿಸಿದರು. ಶಾಖವನ್ನು ತಡೆಯುವ ಶಕ್ತಿಯನ್ನು ಅಳೆಯುವ ‘ಆರ್’ ಮಾನದಲ್ಲಿ ಅದರ ಗೋಡೆಗಳು 40, ಛಾವಣಿ 60. ಸಂದುಗಳೆಲ್ಲವನ್ನೂ ಬಿಗಿಯಾಗಿ ಮುಚ್ಚಲಾಗಿತ್ತು. ಕೊರೆಯುವ ಚಳಿಯ ಆ ಊರಿನಲ್ಲಿ ಮಾಮೂಲು ಫರ್ನೇಸ್ ಇಲ್ಲದ ಮನೆ ಅದು!

ಬಿಗಿದ ಮನೆ ಉಸಿರಾಡುವುದು ಹೇಗೆ? ಹೊರಹೋಗುವ ಹಳಸಿದ ಗಾಳಿಯು ಒಳಬರುವ ತಾಜಾ ಗಾಳಿಗೆ ತನ್ನ ಬಿಸಿಯನ್ನು ದಾಟಿಸುವ ಯಂತ್ರವೊಂದನ್ನು ಅಲ್ಲಿ ಅಳವಡಿಸಿದ್ದರು. ಚಳಿಯಲ್ಲಿ ನಮ್ಮ ತೋಳಿನ ಅಪಧಮನಿಯ ರಕ್ತವು ಪಕ್ಕದ ಅಭಿಧಮನಿಯಲ್ಲಿ ಮರಳುವ ತಣ್ಣನೆಯ ರಕ್ತವನ್ನು ಬೆಚ್ಚಗಾಗಿಸುವುದೂ ಹೀಗೆಯೇ.

1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಮತ್ತು ಬೊ ಆಡಮ್‌ಸನ್ ಅವರ ಚಿಂತನೆ ನಾಲ್ಕು ಮನೆಗಳ ಸಾಲಾಗಿ ಮೈದಳೆದಾಗ, ಅಲ್ಲಿಯೂ ಸುಮಾರು 27 ಸೆಂಟಿಮೀಟರ್ ದಪ್ಪದ ಗೋಡೆಹೊದಿಕೆಯ ಜೊತೆಗೇ ಇಂಥ ವಾಯುಸಂಚಾರ ವ್ಯವಸ್ಥೆಯಿತ್ತು. ‘ಪ್ಯಾಸಿವ್ ಹೌಸ್’ ಎಂದು ಇಂದು ಜಗತ್ತು ಗುರುತಿಸುವ ಪದ್ಧತಿಗೆ ಅದೇ ಮೊದಲ ಮಾದರಿ.

ಅನ್ನ ಬೇಯಿಸುವ ಆವಿ, ಒಗ್ಗರಣೆಯ ಹೊಗೆ ನಮ್ಮ ಮನೆಗಳಲ್ಲಿ ನಿತ್ಯದ ಸಂಗತಿ. ಆ ತೇವ ಹೊರಹೋಗದಿದ್ದರೆ ತಣ್ಣನೆಯ ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅದು ಮಕ್ಕಳ ಉಬ್ಬಸವನ್ನು ಹೆಚ್ಚಿಸುತ್ತದೆ. ಆದುದರಿಂದ ಛಾವಣಿಗೆ ಹೊದಿಕೆ ಹಾಕಿಸುವ ದಿನ ಬೆಲೆಯನ್ನಷ್ಟೇ ಕೇಳಬೇಡಿ. ಗಾಳಿಯ ದಾರಿಯನ್ನೂ ಕೇಳಿರಿ. ಬೆಚ್ಚಗಿನ ಮನೆ ಆರೋಗ್ಯದ ಮನೆಯೂ ಆಗಲಿ.