ಜೀಪಿಗೆ ಲಿಫ್ಟ್ ಕಿಟ್ ಹಾಕಿಸ್ತೀರಾ? ಮೊದಲು ಇಷ್ಟು ತಿಳ್ಕೊಳ್ಳಿ

ಮಡಿಕೇರಿ: ಮಳೆಗಾಲ ಬಂತೆಂದರೆ ಕೊಡಗಿನ ತೋಟದ ದಾರಿಗಳಲ್ಲಿ ಚಕ್ರದ ಗುರುತುಗಳೇ ಚರಂಡಿಯಾಗುತ್ತವೆ. ನಡುವೆ ಉಳಿದ ಮಣ್ಣಿನ ದಿಣ್ಣೆಗೆ ಗಾಡಿಯ ಅಡಿ ತಾಗುತ್ತೆ. ಆಗ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: 'ಎರಡು ಇಂಚು ಎತ್ತರಿಸಿಬಿಡಿ'. ಆದರೆ ಏನನ್ನು ಎತ್ತರಿಸಬೇಕು ಎಂಬುದು ಗೊತ್ತಿಲ್ಲದೆ ಕಿಟ್ ಹಾಕಿಸಿದರೆ ದುಡ್ಡು ಹೋಗುತ್ತೆ, ಅಡಿ ತಾಗೋದು ಮಾತ್ರ ನಿಲ್ಲಲ್ಲ.

ತಾಗುತ್ತಿರುವುದು ಯಾವುದು?

ಗಾಡಿಯ ಅಡಿಗೆ ಬಗ್ಗಿ ನೋಡಿ. ಉಜ್ಜಿದ ಗುರುತು ಬಂಪರ್ ಅಥವಾ ಚಾಸಿ ಮೇಲಿದ್ದರೆ ಲಿಫ್ಟ್ ಕಿಟ್‌ನಿಂದ ಪ್ರಯೋಜನವಿದೆ. ಹಿಂದಿನ ಆಕ್ಸಲ್‌ನ ನಡುವಿರುವ ಡಿಫರೆನ್ಷಿಯಲ್ ಹೌಸಿಂಗ್ ಮೇಲಿದ್ದರೆ ಎಷ್ಟು ಇಂಚಿನ ಕಿಟ್ ಹಾಕಿಸಿದರೂ ಅದು ಇದ್ದಲ್ಲೇ ಇರುತ್ತೆ. ಏಕೆಂದರೆ ಸ್ಪ್ರಿಂಗ್ ಎತ್ತುವುದು ತನ್ನ ಮೇಲಿರುವ ಭಾಗವನ್ನು ಮಾತ್ರ. ಆಕ್ಸಲ್ ಮೇಲೇರಬೇಕಾದರೆ ದೊಡ್ಡ ಟೈರೇ ಬೇಕು.

ಟೈರಿನ ಲೆಕ್ಕವೂ ಸರಳ. ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು ಎತ್ತರ ಸಿಗುತ್ತದೆ. ಜಿಮ್ನಿಯ 195/80 ಆರ್15 ಟೈರ್ ತೆಗೆದು 235/75 ಆರ್15 ಹಾಕಿದರೆ ವ್ಯಾಸ ಸುಮಾರು 40 ಮಿ.ಮೀ. ಹೆಚ್ಚುತ್ತದೆ, ಆಕ್ಸಲ್ 20 ಮಿ.ಮೀ. ಏರುತ್ತದೆ. ಆದರೆ ಮೀಟರ್ 60 ತೋರಿಸುವಾಗ ನಿಜವಾದ ವೇಗ ಸುಮಾರು 63 ಇರುತ್ತದೆ. ಎಳೆಯುವ ಶಕ್ತಿಯೂ ಸ್ವಲ್ಪ ಕಡಿಮೆಯಾಗುತ್ತದೆ.

ಕಿಟ್‌ಗಳಲ್ಲಿ ಎಷ್ಟು ಬಗೆ?

ಲೆವೆಲಿಂಗ್ ಕಿಟ್: ಹಿಂಭಾಗ ಎತ್ತರ, ಮುಂಭಾಗ ತಗ್ಗಾಗಿರುವ ಗಾಡಿಯ ಮುಂಭಾಗವನ್ನಷ್ಟೇ ಏರಿಸುತ್ತದೆ. ಖರ್ಚು ಕಡಿಮೆ. ಆದರೆ ಹಿಂದೆ ಗೊಬ್ಬರ, ಕಾಫಿ ಮೂಟೆ ಹೇರುವ ಗಾಡಿಗೆ ಇದು ಬೇಡ. ಲೋಡ್ ಬಿದ್ದಾಗ ಹಿಂಭಾಗ ಕುಸಿದು ಮೂತಿ ಮೇಲೇಳುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ.

ಸ್ಪೇಸರ್: ಹಳೆಯ ಸ್ಪ್ರಿಂಗ್‌ನ ಮೇಲೋ ಕೆಳಗೋ ಬಿಲ್ಲೆ ಇಡುವುದು. ಗಾಡಿ ಎತ್ತರವಾಗುತ್ತದೆ, ಓಟದ ಗುಣ ಸುಧಾರಿಸದು.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ: ದುಬಾರಿ, ಆದರೆ ಸರಿಯಾದ ದಾರಿ. ಗಾಡಿಯಲ್ಲಿ ನಿತ್ಯ ಎಷ್ಟು ಭಾರ ಇರುತ್ತದೆ ಎಂದು ಹೇಳಿಯೇ ಸ್ಪ್ರಿಂಗ್ ಆರಿಸಬೇಕು. ಖಾಲಿ ಓಡುವ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಬೆನ್ನುಮೂಳೆಗೇ ಪೆಟ್ಟು.

ಬಾಡಿ ಲಿಫ್ಟ್: ಚಾಸಿ ಮತ್ತು ಬಾಡಿ ನಡುವೆ ಬಿಲ್ಲೆ. ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಚಾಸಿ ಮೇಲೇರುವುದಿಲ್ಲ.

ಯಾವ ಗಾಡಿಗೆ ಯಾವ ಎಚ್ಚರ?

ಜಿಪ್ಸಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಉದ್ದದ ಶ್ಯಾಕಲ್ ಹಾಕಿದರೆ ಹೆಚ್ಚಿಸಿದ ಉದ್ದದ ಅರ್ಧದಷ್ಟು ಎತ್ತರ ಸಿಗುತ್ತೆ, ಆದರೆ ಸ್ಟಿಯರಿಂಗ್ ಅಲೆದಾಡಬಹುದು. ಆಕ್ಸಲ್ ಮತ್ತು ಪ್ಲೇಟ್ ನಡುವೆ ಬ್ಲಾಕ್ ಇಡುವುದನ್ನು ಮುಂದಿನ ಆಕ್ಸಲ್‌ಗಂತೂ ಒಪ್ಪಲೇಬೇಡಿ.

ಜಿಮ್ನಿಗೆ ಹಿಂದೆ ಮುಂದೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಎತ್ತರಿಸಿದಾಗ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ. ಅಡ್ಜಸ್ಟ್ ಮಾಡಬಲ್ಲ ಪ್ಯಾನ್‌ಹಾರ್ಡ್ ರಾಡ್, ಕ್ಯಾಸ್ಟರ್ ಸರಿಪಡಿಸುವ ಬುಶ್ ಕೂಡ ಬೇಕಾಗಬಹುದು.

2020ರ ನಂತರದ ಥಾರ್‌ಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಅತಿಯಾಗಿ ಏರಿಸಿದರೆ ಮುಂದಿನ ಡ್ರೈವ್ ಶಾಫ್ಟ್ ಓರೆಯಾಗಿ ಅದರ ಜಾಯಿಂಟ್, ರಬ್ಬರ್ ಬೂಟ್ ಬೇಗ ಹಾಳಾಗುತ್ತವೆ. ಕಂಪನಿಯಿಂದಲೇ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಗಾಡಿಯಿದು. ತೋಟದ ದಾರಿಗೆ ಹಲವರಿಗೆ ಒಳ್ಳೆಯ ಗ್ರಿಪ್‌ನ ಟೈರೇ ಸಾಕು.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ನೀಡಿದ ಮೂಲ ವಿವರಕ್ಕೆ ಆರ್‌ಸಿ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಸೆಕ್ಷನ್ 182ಎ(4)ರಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ವಿಮೆ ಕ್ಲೇಮ್‌ಗೂ ತೊಂದರೆ. ಹಾಗಾಗಿ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಜನ ಕೂರುವ ಗಾಡಿಯಾದರೆ?

ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪಾಗಲಿ, ಕಾರ್ಮಿಕರನ್ನು ತೋಟಕ್ಕೆ ಬಿಡುವ ಗಾಡಿಯಾಗಲಿ, ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ, ಇಳಿಜಾರಿನಲ್ಲಿ ಮಗುಚುವ ಅಪಾಯ ಹೆಚ್ಚು. ಮೇಲೆ ಕ್ಯಾರಿಯರ್, ಅದರ ಮೇಲೆ ಲಗೇಜ್ ಇದ್ದರೆ ಇನ್ನೂ ಹೆಚ್ಚು. ಇಂಥ ಗಾಡಿಗೆ ಕಿಟ್ ಬೇಡವೇ ಬೇಡ.

ಗಾಡಿ ಬಿಡಿಸಿಕೊಳ್ಳುವಾಗ

* ಚಕ್ರ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿಯುತ್ತದೆಯೇ ನೋಡಿ.
* ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ಉಜ್ಜುತ್ತದೆಯೇ ಪರೀಕ್ಷಿಸಿ.
* ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ.
* ಕೆಲವು ನೂರು ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.
* ತೆಗೆದ ಹಳೆಯ ಸ್ಪ್ರಿಂಗ್, ಶಾಕ್ ಗುಜರಿಗೆ ಹಾಕಬೇಡಿ. ಮರಳಿ ಹಾಕಿಸಬೇಕಾಗಿ ಬಂದರೆ ಅವೇ ಬೇಕು.