ಬೆಲ್ಲದ ಒಬ್ಬಟ್ಟಾದರೆ ಶುಗರ್ ಏರುವುದಿಲ್ಲವೇ? ಹಬ್ಬದ ಸಿಹಿಯ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಯುಗಾದಿ ಹತ್ತಿರ ಬಂದರೆ ಸಾಕು, ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಸಂದೇಶ ಬಂದೇ ಬರುತ್ತದೆ. ಸಕ್ಕರೆ ವಿಷ, ಬೆಲ್ಲ ಔಷಧಿ. ಬೆಲ್ಲದ ಅಡುಗೆಯನ್ನು ಶುಗರ್ ಇರುವವರೂ ಹೆದರದೆ ತಿನ್ನಬಹುದು ಎಂಬುದು ಅದರ ಸಾರಾಂಶ. ಕೆಳಗೆ ಕೈಮುಗಿದ ಚಿತ್ರ, ಹತ್ತು ಜನರಿಗೆ ಕಳಿಸಿ ಎಂಬ ವಿನಂತಿ.

ಶಿರಾ ತಾಲ್ಲೂಕಿನ ಬರಗೂರು ಇರಲಿ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆ ಇರಲಿ, ಯುಗಾದಿ ಎಂದರೆ ಒಬ್ಬಟ್ಟು. ಅದಕ್ಕೆ ಮೊದಲಿನಿಂದಲೂ ಬೆಲ್ಲವನ್ನೇ ಹಾಕುತ್ತಾರೆ. ಹಾಗಾಗಿ ಈ ಸಂದೇಶವನ್ನು ನಂಬಿ ಮಾತ್ರೆ ತೆಗೆದುಕೊಳ್ಳುವ ಅಜ್ಜ, ಅಜ್ಜಿಯರು ಎಲೆಯಲ್ಲಿ ಮೂರು, ನಾಲ್ಕು ಒಬ್ಬಟ್ಟು ಹಾಕಿಸಿಕೊಳ್ಳುವುದು ಸಾಮಾನ್ಯ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಅಂದರೆ ಹಬ್ಬದ ಪಂಕ್ತಿಯಲ್ಲಿ ಒಬ್ಬರಾದರೂ ಶುಗರ್ ಇರುವವರು ಇರುವ ಸಾಧ್ಯತೆ ಹೆಚ್ಚು.

ಚುಟುಕಾಗಿ ಉತ್ತರ

ಬೆಲ್ಲವೂ ಸಕ್ಕರೆಯೇ. ಬೆಲ್ಲದ ಒಬ್ಬಟ್ಟು ತಿಂದರೂ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹಾಗೆಂದು ಹಬ್ಬದ ದಿನ ಒಬ್ಬಟ್ಟು ಬಿಡಬೇಕಿಲ್ಲ. ಸಿಹಿ ಯಾವುದರದ್ದು ಎನ್ನುವುದಕ್ಕಿಂತ ಎಷ್ಟು ಹಾಕಿದ್ದೇವೆ, ಎಷ್ಟು ತಿನ್ನುತ್ತೇವೆ, ಯಾವುದರ ಜೊತೆ ತಿನ್ನುತ್ತೇವೆ ಎನ್ನುವುದು ಮುಖ್ಯ.

ಬೆಲ್ಲದೊಳಗೆ ಏನಿದೆ?

ಸಕ್ಕರೆ, ಬೆಲ್ಲ ಎರಡೂ ಕಬ್ಬಿನ ಹಾಲಿನಿಂದಲೇ ಬರುತ್ತವೆ. ಸಕ್ಕರೆಯನ್ನು ಶುದ್ಧೀಕರಿಸಿ ಹರಳು ಮಾಡುತ್ತಾರೆ, ಬೆಲ್ಲವನ್ನು ಕಾಯಿಸಿ ಅಚ್ಚಿಗೆ ಹುಯ್ಯುತ್ತಾರೆ. ಸಕ್ಕರೆ ಪೂರ್ತಿ ಸುಕ್ರೋಸ್. ಬೆಲ್ಲದಲ್ಲೂ ಬಹುಪಾಲು ಅದೇ ಸುಕ್ರೋಸ್, ಜೊತೆಗೆ ಸ್ವಲ್ಪ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಉಳಿದದ್ದು ನೀರಿನಂಶ ಮತ್ತು ಖನಿಜಗಳು. 100 ಗ್ರಾಂ ಸಕ್ಕರೆ ತಿಂದರೆ ಸುಮಾರು 400 ಕ್ಯಾಲೊರಿ, 100 ಗ್ರಾಂ ಬೆಲ್ಲ ತಿಂದರೆ ಸುಮಾರು 380 ಕ್ಯಾಲೊರಿ. ಹೊಟ್ಟೆಯೊಳಗೆ ಹೋದ ಮೇಲೆ ಇದು ಬೆಲ್ಲದಿಂದ ಬಂದ ಸುಕ್ರೋಸ್ ಎಂದು ದೇಹ ಬೇರೆಯಾಗಿ ನೋಡುವುದಿಲ್ಲ.

ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆಯಲ್ಲ ಎಂದು ಕೇಳಬಹುದು. ಇದೆ. ಹೆಚ್ಚೆಂದರೆ 100 ಗ್ರಾಂ ಬೆಲ್ಲಕ್ಕೆ ಸುಮಾರು 11 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ಒಬ್ಬಟ್ಟಿನ ಬೆಲ್ಲದಿಂದ ಸಿಗುವುದು 3 ಮಿಲಿಗ್ರಾಂಗಿಂತ ಕಡಿಮೆ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್. ಅಷ್ಟನ್ನು ಬೆಲ್ಲದಿಂದಲೇ ಪಡೆಯಲು ಹೊರಟರೆ ಕಾಲು ಕೆಜಿಗಿಂತ ಹೆಚ್ಚು ಬೆಲ್ಲ ತಿನ್ನಬೇಕಾಗುತ್ತದೆ! ಸೊಪ್ಪು, ಕಾಳು, ರಾಗಿ, ಮಾಂಸ ಇದಕ್ಕೆ ಒಳ್ಳೆಯ ದಾರಿ.

ಒಂದು ಒಬ್ಬಟ್ಟಿನ ಲೆಕ್ಕ

ಬಹಳ ಮನೆಗಳಲ್ಲಿ ಒಂದು ಕೆಜಿ ಬೇಳೆಗೆ ಒಂದು ಕೆಜಿ ಬೆಲ್ಲ ಹಾಕುವ ರೂಢಿ. ಇದರಲ್ಲಿ 40 ಒಬ್ಬಟ್ಟು ತಟ್ಟಿದರೆ ಒಂದಕ್ಕೆ 25 ಗ್ರಾಂ ಬೆಲ್ಲ, ಅಂದರೆ ಸುಮಾರು ಐದು ಟೀ ಚಮಚ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ಮೇಲಿನಿಂದ ಸೇರಿಸುವ ಸಿಹಿಯನ್ನು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಟ್ಟುಕೊಳ್ಳಬೇಕು ಎಂಬ ಲೆಕ್ಕ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಿಂದ ಸಿಗುತ್ತದೆ. ಈ ಮಿತಿಯೊಳಗೆ ಬೆಲ್ಲ, ಜೇನುತುಪ್ಪವೂ ಬರುತ್ತವೆ. ಎರಡು ಒಬ್ಬಟ್ಟಿಗೆ ದಿನದ ಪಾಲು ಹೆಚ್ಚುಕಮ್ಮಿ ಮುಗಿಯಿತು. ಪಾಯಸ, ಕಾಯಿಹಾಲು, ಕಾಫಿ ಇನ್ನೂ ಬಾಕಿ.

ರುಚಿ ಕೆಡದಂತೆ ಬೆಲ್ಲ ಇಳಿಸುವುದು ಹೇಗೆ?

• ಒಂದು ಕೆಜಿ ಬೇಳೆಗೆ 600 ಗ್ರಾಂ ಬೆಲ್ಲ ಹಾಕಿ ನೋಡಿ. ಒಬ್ಬಟ್ಟಿಗೆ 15 ಗ್ರಾಂಗೆ ಇಳಿಯುತ್ತದೆ. ಏಲಕ್ಕಿ, ಕಾಯಿತುರಿ, ಗಸಗಸೆ ಹಾಕಿದರೆ ಸಿಹಿ ಕಡಿಮೆಯಾಗಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದೇ ಸಲ ಇಳಿಸಿದರೆ ಮನೆಯವರು ಒಪ್ಪಲ್ಲ ಎನಿಸಿದರೆ ಈ ವರ್ಷ 800 ಗ್ರಾಂ, ಮುಂದಿನ ವರ್ಷ 600.

• ಬೆಲ್ಲ ಕಡಿಮೆಯಾದ ಹೂರಣ ಬೇಗ ಹಳಸುತ್ತದೆ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಡಿ, ಮರುದಿನದೊಳಗೆ ಮುಗಿಸಿ.

• ಹೂರಣದ ಉಂಡೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಇಳಿಸಿ. ಎರಡು ತಿಂದೆ ಎಂಬ ತೃಪ್ತಿಯೂ ಇರುತ್ತದೆ, ಲೆಕ್ಕವೂ ತಪ್ಪುವುದಿಲ್ಲ.

• ಕಣಕಕ್ಕೆ ಮೈದಾದಲ್ಲಿ ಅರ್ಧದಷ್ಟು ಗೋಧಿ ಹಿಟ್ಟು ಬೆರೆಸಬಹುದು. ಚೆನ್ನಾಗಿ ನಾದಿ ಒಂದೆರಡು ಗಂಟೆ ಹೆಚ್ಚು ನೆನೆಯಲು ಬಿಟ್ಟರೆ ಹರಿಯುವುದು ಕಡಿಮೆ.

• ಒಬ್ಬಟ್ಟಿನ ಮೇಲೆ ಸುರಿದುಕೊಳ್ಳುವ ಕಾಯಿಹಾಲಿಗೆ ಮತ್ತೆ ಬೆಲ್ಲ ಬೇಡ. ತುಪ್ಪ ಒಂದು ಚಮಚ ಸಾಕು.

ಮಕ್ಕಳ ಡಬ್ಬಿಗೆ ಕಡಲೆಬೀಜದ ಉಂಡೆ

ಶಿರಾ, ಪಾವಗಡ, ಮಧುಗಿರಿ ಮಳೆ ಆಶ್ರಯದ ಸೀಮೆ. ಕಡಲೆಕಾಯಿ ಇಲ್ಲಿನ ಹೊಲದ್ದೇ ಬೆಳೆ. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಕೊಲೆಸ್ಟರಾಲ್ ಹೆಚ್ಚಿಸುತ್ತದೆ ಎಂಬ ಮಾತೂ ಓಡಾಡುತ್ತದೆ, ಅದು ನಿಜವಲ್ಲ. ಗಿಡದಿಂದ ಬರುವ ಆಹಾರದಲ್ಲಿ ಕೊಲೆಸ್ಟರಾಲ್ ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ, ಕಡಲೆಬೀಜದ ಕೊಬ್ಬಿನಲ್ಲಿ ಹೆಚ್ಚಿನದು ಹೃದಯಕ್ಕೆ ಹಿತವಾದ ಬಗೆಯದು. ಆದರೆ ಕ್ಯಾಲೊರಿ ಜಾಸ್ತಿ, ಹಾಗಾಗಿ ಹಿಡಿಗಟ್ಟಲೆ ತಿನ್ನುವಂತಿಲ್ಲ.

ಮಾಡುವ ವಿಧಾನ ಸುಲಭ. ಕಾಲು ಕೆಜಿ ಕಡಲೆಬೀಜ ಹುರಿದು ತರಿತರಿಯಾಗಿ ಪುಡಿ ಮಾಡಿ. ಎರಡು ಚಮಚ ಹುರಿದ ಎಳ್ಳು, 100 ಗ್ರಾಂ ಪುಡಿಬೆಲ್ಲ, ಏಲಕ್ಕಿ ಸೇರಿಸಿ ಮತ್ತೊಂದು ಸುತ್ತು ಮಿಕ್ಸಿಗೆ ಹಾಕಿದರೆ ಬೀಜದ ಎಣ್ಣೆಯೇ ಬಿಟ್ಟುಕೊಂಡು ಉಂಡೆ ನಿಲ್ಲುತ್ತದೆ. ಪಾಕ ಬೇಡ, ತುಪ್ಪವೂ ಬೇಡ. ಅಂಗಡಿಯ ಚಾಕೊಲೇಟ್, ಬಣ್ಣದ ಮಿಠಾಯಿಗಿಂತ ಇದು ಎಷ್ಟೋ ಮೇಲು.

ಎರಡು ಎಚ್ಚರಿಕೆ ಇರಲಿ. ಬೂಸ್ಟು ಹಿಡಿದ, ಮುರುಟಿದ, ಕಹಿ ಬೀಜಗಳನ್ನು ಆರಿಸಿ ಎಸೆಯಿರಿ. ಅವುಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಪುಟ್ಟ ಮಕ್ಕಳ ಕೈಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ, ಬೆಲ್ಲ ಸೇರಿಸಿದ ತಿಂಡಿಯೇ ಬೇಡ ಎಂಬುದು ಮಕ್ಕಳ ವೈದ್ಯರ ಸಲಹೆ.

ಊಟದಲ್ಲಿ ಮೊದಲು ಯಾವುದು?

ಎಲೆಯಲ್ಲಿ ಕೋಸಂಬರಿ, ಪಲ್ಯ ಇರುತ್ತವೆ, ನಾವು ಮೊದಲು ಕೈ ಹಾಕುವುದು ಒಬ್ಬಟ್ಟಿಗೆ. ಇದನ್ನು ತಿರುಗಿಸಿ. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಆಮೇಲೆ ಪಿಷ್ಟದ ಆಹಾರ ತಿಂದರೆ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ ಎಂದು 2015ರಲ್ಲಿ ಡಯಾಬಿಟಿಸ್ ಕೇರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಕೇವಲ 11 ಜನರ ಮೇಲೆ ನಡೆದ ಸಣ್ಣ ಅಧ್ಯಯನ ಅದು. ಆದರೂ ಖರ್ಚಿಲ್ಲದ ಅಭ್ಯಾಸ, ಮಾಡಿದರೆ ನಷ್ಟವಿಲ್ಲ. ಹೆಸರುಬೇಳೆ ಕೋಸಂಬರಿಯನ್ನು ಒಂದು ಚಮಚದ ಬದಲು ಒಂದು ಬಟ್ಟಲು ಮಾಡಿ. ಒಬ್ಬಟ್ಟು ತಿನ್ನುವ ದಿನ ಅನ್ನದ ಪಾಲು ಇಳಿಸಿ. ಊಟವಾದ ಮೇಲೆ ಮಲಗುವ ಬದಲು ಹತ್ತು, ಹದಿನೈದು ನಿಮಿಷ ಬೀದಿಯಲ್ಲಿ ಓಡಾಡಿ ಬನ್ನಿ.

ಪೂಜೆ ತಡವಾದಾಗ ಎಚ್ಚರ

ಹಬ್ಬದ ದಿನ ಸಕ್ಕರೆ ಏರುವುದಷ್ಟೇ ಅಪಾಯವಲ್ಲ, ಇಳಿಯುವುದೂ ಅಪಾಯ. ಬೆಳಿಗ್ಗೆ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಹಾಕಿಸಿಕೊಂಡು, ಪೂಜೆ ಮುಗಿಯುವವರೆಗೆ ಮಧ್ಯಾಹ್ನ ಎರಡು ಗಂಟೆ ತನಕ ಉಪವಾಸ ಇರುವ ಹಿರಿಯರಿದ್ದಾರೆ. ಇನ್ಸುಲಿನ್, ಗ್ಲಿಮೆಪಿರೈಡ್‌ನಂಥ ಔಷಧಿ ತೆಗೆದುಕೊಳ್ಳುವವರಿಗೆ ಇದರಿಂದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈ ನಡುಕ, ತಲೆಸುತ್ತು, ತೊದಲು ಮಾತು ಇದರ ಲಕ್ಷಣ.

ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಒಬ್ಬಟ್ಟು ಕೊಡಬೇಡಿ, ಅದರ ಬೇಳೆ ಮತ್ತು ತುಪ್ಪದಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಹಬ್ಬದ ದಿನ ಮಾತ್ರೆ ಯಾವಾಗ, ಎಷ್ಟು ಎಂದು ಹಿಂದಿನ ವಾರವೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ನಾವಾಗಿಯೇ ಬಿಡುವುದೂ ಬೇಡ, ಒಬ್ಬಟ್ಟು ತಿನ್ನುತ್ತೇವೆಂದು ಒಂದು ಮಾತ್ರೆ ಹೆಚ್ಚು ನುಂಗುವುದೂ ಬೇಡ. ಬೇವು-ಬೆಲ್ಲದ ಒಂದೆರಡು ಎಸಳು ಬೇವು ಸಂಪ್ರದಾಯಕ್ಕೆ ಚೆಂದ, ಮಾತ್ರೆಗೆ ಬದಲಿ ಅಲ್ಲ.

ಬೇರೆ ಹಬ್ಬಗಳಿಗೂ ಇದೇ ಮಾತು

ಈಸ್ಟರ್‌ನ ಕೇಕು ಮತ್ತು ಚಾಕೊಲೇಟ್ ಮೊಟ್ಟೆ, ರಂಜಾನ್‌ನ ಶೀರ್ ಖುರ್ಮಾ, ಸಂಕ್ರಾಂತಿಯ ಎಳ್ಳು-ಬೆಲ್ಲ ಯಾವುದಕ್ಕಾದರೂ ಲೆಕ್ಕ ಒಂದೇ. ಸಕ್ಕರೆ ತೆಗೆದು ಬೆಲ್ಲ, ಖರ್ಜೂರ, ಜೇನು ಹಾಕಿದ ಮಾತ್ರಕ್ಕೆ ತಿಂಡಿ ಶುಗರ್ ಇರುವವರದ್ದಾಗುವುದಿಲ್ಲ. ಸಿಹಿ ಕಡಿಮೆ ಮಾಡಿ, ಬೇಳೆ, ಬೀಜ, ಹಣ್ಣು ಹೆಚ್ಚು ಮಾಡಿ, ತುಂಡು ಚಿಕ್ಕದಾಗಿರಲಿ.

ಕೊನೆಯದಾಗಿ

ಬೆಲ್ಲ ಔಷಧಿ, ಶುಗರ್ ಏರುವುದಿಲ್ಲ ಎಂಬ ಸಂದೇಶ ತಪ್ಪು. ಬೆಲ್ಲ ವಿಷ ಎಂಬ ಸಂದೇಶ ಬಂದರೆ ಅದೂ ತಪ್ಪೇ. ಮುಂದಿನ ಸಲ ಇಂಥದ್ದು ಗ್ರೂಪಿಗೆ ಬಂದಾಗ ಬೇರೆಯವರಿಗೆ ಕಳಿಸುವ ಮೊದಲು ಮನೆಯಲ್ಲಿ ಮಾತ್ರೆ ನುಂಗುವವರನ್ನು ಒಮ್ಮೆ ನೆನೆಸಿಕೊಳ್ಳಿ. ಅವರ ಎಲೆಗೆ ಒಂದು ಚಿಕ್ಕ ಒಬ್ಬಟ್ಟು, ಒಂದು ಬಟ್ಟಲು ಕೋಸಂಬರಿ ಬಡಿಸಿ. ಹಬ್ಬವೂ ಆಗುತ್ತದೆ, ಆರೋಗ್ಯವೂ ಉಳಿಯುತ್ತದೆ.