ವಾರಾನ್ನದಿಂದ ವಿದ್ಯಾಲಕ್ಷ್ಮಿಯವರೆಗೆ

ಪುಣೆಯ ಕೋಥರೂಡದಲ್ಲಿ ಕಾಲೇಜು ಓದುವವರ ಖರ್ಚನ್ನು ಎರಡು ಭಾಗ ಮಾಡಿ ನೋಡಬೇಕು. ಒಂದು, ಕಾಲೇಜಿಗೆ ಕಟ್ಟುವ ಫೀ. ಇನ್ನೊಂದು, ಮಂಚಕ್ಕಿಷ್ಟೆಂದು ಕೊಡುವ ‘ಕಾಟ್ ಬೇಸಿಸ್’ ಕೋಣೆಯ ಬಾಡಿಗೆ, ಮೆಸ್ಸಿನ ಬಿಲ್ಲು, ಪುಸ್ತಕ, ಹಬ್ಬಕ್ಕೆ ಊರಿಗೆ ಹೋಗಿಬರುವ ದುಡ್ಡು. ಸರ್ಕಾರದ ಯೋಜನೆಗಳು ಬಹುಪಾಲು ಮೊದಲನೆಯದರ ಮೇಲೆಯೇ ಕಣ್ಣಿಟ್ಟಿವೆ. ಬಡವರ ಮಕ್ಕಳನ್ನು ಓದಿನಿಂದ ಹಿಂದಕ್ಕೆ ಎಳೆಯುವುದು ಎರಡನೆಯದು. ಪುಣೆಯಲ್ಲಿ ವಿದ್ಯಾರ್ಥಿಗಳಿಗೆ ನೆರವು ಬೆಳೆದು ಬಂದ ದಾರಿಯನ್ನು ಹಿಂದಿನಿಂದ ನೋಡುತ್ತ ಬಂದರೆ, ಅನ್ನದ ಚಿಂತೆ ಯಾವಾಗ ಹಿಂದೆ ಸರಿದು ಫೀಯ ಚಿಂತೆ ಯಾವಾಗ ಮುಂದೆ ಬಂತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಕನ್ನಡಿಗರ ಪಾಲಿಗೆ ಈ ಕಥೆ ಒಬ್ಬ ಹೆಸರಾಂತ ವಿದ್ಯಾರ್ಥಿಯಿಂದಲೇ ಶುರುವಾಗುತ್ತದೆ. ತಂದೆಯನ್ನು ಕಳೆದುಕೊಂಡ ಎಂ. ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ದುಡಿಮೆ, ಸರ್ಕಾರದ ಹಣ ಎರಡೂ ಒಂದೇ ಬದುಕಿನಲ್ಲಿ ಒಂದರ ಹಿಂದೊಂದು ಬಂದವು. ಮೈಸೂರು ಅಂದು ಹೂಡಿದ ಹಣದ ಫಲವನ್ನು ಪುಣೆಯೂ ಉಂಡಿತು. ಅವರು ರೂಪಿಸಿದ ಸ್ವಯಂಚಾಲಿತ ತೂಬುಬಾಗಿಲುಗಳು 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಕೆರೆಗೆ ಕೂತವು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅಲ್ಲಿಯತನಕ ಉತ್ತರ ಕರ್ನಾಟಕದ ಹುಡುಗರಿಗೆ ಕಾಲೇಜೆಂದರೆ ಹೆಚ್ಚಾಗಿ ಪುಣೆ, ಅದರಲ್ಲೂ 1885ರಲ್ಲಿ ಆರಂಭವಾದ ಫರ್ಗ್ಯುಸನ್. ಆಲೂರು ವೆಂಕಟರಾಯರು ಅಲ್ಲಿ ಓದಿದರು. 1918ರಲ್ಲಿ ಅಲ್ಲಿಂದ ಬಿ.ಎ. ಪಡೆದ ದ.ರಾ. ಬೇಂದ್ರೆಯವರಿಗೆ ಪುಣೆಯಲ್ಲಿದ್ದ ಕಾಕನ ಮನೆಯೇ ಆಸರೆ. ಹಾಗೆ ಬಂಧುಗಳಿಲ್ಲದವರಿಗೆ ನಮ್ಮ ಕಡೆ ವಾರಾನ್ನ, ಪುಣೆಯಲ್ಲಿ ಮಧುಕರಿ. 1909ರಲ್ಲಿ ಸ್ಥಾಪನೆಯಾದ ಅನಾಥ ವಿದ್ಯಾರ್ಥಿ ಗೃಹದ ಹುಡುಗರು ಮನೆಮನೆಗೆ ಹೋಗಿ ಮಧುಕರಿ ಬೇಡಿ ತಂದು ಉಂಡು ಓದಿದರು. ಅದೇ ಈಗಿನ ಪುಣೆ ವಿದ್ಯಾರ್ಥಿ ಗೃಹ. ವಾರಾನ್ನವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಒಂದು ಮಾತನ್ನು ಮರೆಯಬಾರದು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂಬ ಆ ಏರ್ಪಾಡು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಮಾತ್ರ ತೆರೆದಿತ್ತು. ಪಂಕ್ತಿಯಲ್ಲಿ ಜಾಗವಿಲ್ಲದವನಿಗೆ ಊಟವೂ ಇಲ್ಲ, ಓದೂ ಇಲ್ಲ.

ಆ ಜಾಗವನ್ನು ತುಂಬಲು ಬಂದವು ಸಮುದಾಯಗಳ ನಿಧಿಗಳು, ವಸತಿಗೃಹಗಳು. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾನಿಧಿ ಹುಟ್ಟಿತು. ಸಿರಸಂಗಿ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕೆ ಬರೆದಿಟ್ಟಿದ್ದರು. ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಮರಾಠ, ಜೈನ, ಮುಸ್ಲಿಂ, ಲಿಂಗಾಯತ ವಸತಿಗೃಹಗಳನ್ನು ಒಂದೊಂದಾಗಿ ಕಟ್ಟಿಸಿದರು. ಹುಡುಗನೊಬ್ಬ ಊರಿನಲ್ಲಿ ಉಳಿಯಲು ಬೇಕಾದದ್ದು ಸೂರು ಮತ್ತು ಅಡುಗೆಮನೆ ಎಂಬುದು ಶಾಹುವಿಗೆ ಚೆನ್ನಾಗಿ ತಿಳಿದಿತ್ತು.

ಕೋಥರೂಡದ ಮಗ್ಗುಲಿಗೇ ಇರುವ ಹಿಂಗಣೆಯಲ್ಲಿ ಇದಕ್ಕಿಂತ ಕಷ್ಟದ ಪ್ರಯೋಗ ನಡೆಯಿತು. ಧೋಂಡೋ ಕೇಶವ ಕರ್ವೆ 1896ರಲ್ಲಿ ವಿಧವೆಯರಿಗಾಗಿ ಆಶ್ರಮ ಆರಂಭಿಸಿದರು. 1900ರಲ್ಲಿ ಅದು ಊರಾಚೆಯ ಹಿಂಗಣೆಯ ಗುಡಿಸಲಿಗೆ ಹೋಯಿತು. ಅಲ್ಲಿ ಓದಲು ಬಂದ ಹೆಣ್ಣುಮಕ್ಕಳ ಬೆನ್ನಿಗೆ ತವರೂ ಇರಲಿಲ್ಲ, ಅತ್ತೆಮನೆಯೂ ಇರಲಿಲ್ಲ. ಕರ್ವೆ ಫರ್ಗ್ಯುಸನ್‌ನಲ್ಲಿ ಗಣಿತ ಹೇಳಿ, ಕೆಸರುದಾರಿ ತುಳಿದು ಆಶ್ರಮಕ್ಕೆ ನಡೆದುಹೋಗುತ್ತಿದ್ದರು. ರಜೆ ಬಂದರೆ ಊರೂರು ತಿರುಗಿ ಚಂದಾ ಎತ್ತುತ್ತಿದ್ದರು. ದೀಪಾವಳಿಯ ಭಾವುಬೀಜದಂದು ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಕೊಡುವ ಕಾಣಿಕೆಯಲ್ಲಿ ಆಶ್ರಮದ ಹುಡುಗಿಯರಿಗೂ ಒಂದು ಪಾಲು ಕೇಳುವ ಭಾವುಬೀಜ ನಿಧಿ ಅಲ್ಲಿಯೇ ಬೆಳೆದದ್ದು. ಒಬ್ಬ ದಾನಿಯ ದೊಡ್ಡ ಮೊತ್ತಕ್ಕಿಂತ ಸಾವಿರ ಮನೆಗಳ ಚಿಲ್ಲರೆ ಹೆಚ್ಚು ಬಾಳಿಕೆ ಬರುತ್ತದೆ. ಮನೆಮಂದಿ ಆ ಹುಡುಗಿಯರನ್ನು ತಮ್ಮವರೆಂದು ಒಪ್ಪಿದ ಮೇಲೆ ಪ್ರತಿ ವರ್ಷ ಹೊಸದಾಗಿ ಬೇಡಬೇಕಾಗಿಲ್ಲ.

ಕರ್ವೆಯವರ ನಾದಿನಿ ಪಾರ್ವತಿಬಾಯಿ ಆಠವಲೆ ಹೆಸರು ಇಲ್ಲಿ ಬಿಡಲಾಗದು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಆಶ್ರಮಕ್ಕಾಗಿ ಊರೂರು ತಿರುಗಿದ ಈ ಹೆಣ್ಣುಮಗಳು 1918ರಲ್ಲಿ ಇಂಗ್ಲಿಷ್ ಕಲಿಯಲು ಅಮೆರಿಕೆಗೆ ಹೊರಟರು. ಅಲ್ಲಿ ಜನರ ಮನೆಗಳಲ್ಲಿ ಮನೆಕೆಲಸ ಮಾಡಿ ತಮ್ಮ ಖರ್ಚು ತಾವೇ ನಿಭಾಯಿಸಿದರು. 

ದುಡಿಮೆಯನ್ನೇ ಓದಿನ ಆಧಾರಸ್ತಂಭ ಮಾಡಿದವರು ಕರ್ಮವೀರ ಭಾವುರಾವ್ ಪಾಟೀಲ. ಕೊಲ್ಹಾಪುರ ಜಿಲ್ಲೆಯ ಕುಂಭೋಜದ ಜೈನ ರೈತ ಕುಟುಂಬದಲ್ಲಿ 1887ರಲ್ಲಿ ಹುಟ್ಟಿದ ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ವಸತಿಗೃಹ ತೆರೆದರು. ಎಲ್ಲ ಜಾತಿಯ ಹುಡುಗರೂ ಅಲ್ಲಿ ಒಂದೇ ಪಂಕ್ತಿ. ಹೊಲದ ಕೆಲಸ, ಅಡುಗೆ, ಕಟ್ಟಡದ ಕೆಲಸ ಅವರದೇ. ಕಾಳು ಮುಗಿದ ದಿನಗಳಲ್ಲಿ ಹೆಂಡತಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟು ಹುಡುಗರಿಗೆ ಉಣಿಸಿದರು. 1947ರಲ್ಲಿ ಸಾತಾರೆಯ ಛತ್ರಪತಿ ಶಿವಾಜಿ ಕಾಲೇಜು ‘ಗಳಿಸು, ಕಲಿ’ ಎಂಬ ಈ ಪದ್ಧತಿಯನ್ನು ಕಾಲೇಜು ಮಟ್ಟಕ್ಕೆ ಒಯ್ದಿತು. ಪುಣೆ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇಂದಿಗೂ ನಡೆಯುವ ಇಂಥ ಯೋಜನೆಗೆ ಅವರದೇ ಹೆಸರು. ಗ್ರಂಥಾಲಯ, ಪ್ರಯೋಗಾಲಯ, ಕಚೇರಿ, ತೋಟದಲ್ಲಿ ಕೆಲಸ ಮಾಡಿದ ಗಂಟೆಗಳಿಗೆ ಕೂಲಿ. 1955ರಲ್ಲಿ ಅಚ್ಯುತರಾವ್ ಆಪಟೆ ಆರಂಭಿಸಿದ ವಿದ್ಯಾರ್ಥಿ ಸಹಾಯಕ ಸಮಿತಿ ಇದೇ ದಾರಿ ಹಿಡಿದು, ಹಳ್ಳಿಯಿಂದ ಪುಣೆಗೆ ಬಂದ ಹುಡುಗರಿಗೆ ಅಗ್ಗದ ವಸತಿ, ಊಟ, ಜೊತೆಗೆ ಕೆಲಸದ ಅಭ್ಯಾಸ ಕೊಟ್ಟಿತು. ಎಲ್ಲ ನೆರವಿನ ನಡುವೆ ನನಗೆ ಅತ್ಯಂತ ಗೌರವ ಈ ಪರಂಪರೆಯ ಮೇಲೆ. ಇದು ಹುಡುಗನ ತಲೆ ತಗ್ಗಿಸುವುದಿಲ್ಲ, ಸಾಲವನ್ನೂ ಹೊರಿಸುವುದಿಲ್ಲ. ಆದರೆ ಗಂಟೆಯ ಕೂಲಿ ಮೆಸ್ಸಿನ ದರದ ಜೊತೆಗೆ ಏರದಿದ್ದರೆ ಇದು ಹೆಸರಿಗಷ್ಟೇ ಉಳಿಯುತ್ತದೆ.

ಸರ್ಕಾರ ದೊಡ್ಡದಾಗಿ ಕೈಹಾಕಿದ್ದು 1944ರಲ್ಲಿ, ಪರಿಶಿಷ್ಟ ಜಾತಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮೂಲಕ. ಆಗ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದ ಅಂಬೇಡ್ಕರ್ ಸ್ವತಃ 1913ರಲ್ಲಿ ಬಡೋದೆ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾಕ್ಕೆ ಹೋಗಿದ್ದವರು. ಈ ವೇತನದಲ್ಲಿ ಫೀ ಮಾತ್ರವಲ್ಲದೆ ನಿರ್ವಹಣಾ ಭತ್ಯೆಯೂ ಸೇರಿತ್ತೆಂಬುದನ್ನು ಒತ್ತಿ ಹೇಳಬೇಕು.

ಸಾಲದ ಕಥೆಯೂ ಹಳೆಯದೇ. ಜೆ.ಎನ್. ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ವಿದೇಶದ ಓದಿಗೆ ಸಾಲ ಕೊಡುತ್ತ ಬಂದಿದೆ. ಒಬ್ಬ ತೀರಿಸಿದ ಹಣ ಮುಂದಿನವನಿಗೆ. 1963ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಬಂತು. ಅದಕ್ಕೆ ಬಡ್ಡಿಯಿರಲಿಲ್ಲ.

ನಿಜವಾದ ತಿರುವು 1983. ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಕಾಲದಲ್ಲಿ ಮಹಾರಾಷ್ಟ್ರ ಅನುದಾನವಿಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆಯಿತು. ಅದೇ ವರ್ಷ ಕೋಥರೂಡದ ಪೌಡ್ ರಸ್ತೆಯಲ್ಲಿ ಎಂ.ಐ.ಟಿ. ಎಂಜಿನಿಯರಿಂಗ್ ಕಾಲೇಜು ಆರಂಭ. 1991ರಲ್ಲಿ ಕರ್ವೆನಗರದಲ್ಲಿ, ಕರ್ವೆಯವರದೇ ಸಂಸ್ಥೆಯ ಆಶ್ರಯದಲ್ಲಿ, ಹೆಣ್ಣುಮಕ್ಕಳಿಗಾಗಿ ಕಮ್ಮಿನ್ಸ್ ಎಂಜಿನಿಯರಿಂಗ್ ಕಾಲೇಜು. ಸೀಟು ಹೆಚ್ಚಿದವು, ಹಳ್ಳಿಯ ಮಕ್ಕಳೂ ಎಂಜಿನಿಯರ್ ಆದರು. ಜೊತೆಗೆ, ಕಾಲೇಜಿನ ಪೂರ್ತಿ ಖರ್ಚು ವಿದ್ಯಾರ್ಥಿಯ ಹೆಗಲಿಗೆ ಬಂತು. ಆ ಹೊರೆಗೆ ಬ್ಯಾಂಕು ಉತ್ತರವಾಯಿತು. 2001ರ ಮಾದರಿ ಶಿಕ್ಷಣ ಸಾಲ ಯೋಜನೆ 4 ಲಕ್ಷದವರೆಗೆ ಆಸ್ತಿ ಅಡವಿಲ್ಲದೆ ಸಾಲ ಸಿಗುವಂತೆ ಮಾಡಿತು. 2009ರಲ್ಲಿ ಬಡ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಹೊತ್ತಿತು. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿ.ಎಂ. ವಿದ್ಯಾಲಕ್ಷ್ಮಿ, 8 ಲಕ್ಷದವರೆಗೆ ಆದಾಯವಿರುವವರ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ಕೊಡುತ್ತದೆ. ಆದರೆ ಅದು ದೇಶದ ಆಯ್ದ ಉತ್ತಮ ಸಂಸ್ಥೆಗಳ (ಆರಂಭದಲ್ಲಿ 860) ವಿದ್ಯಾರ್ಥಿಗಳಿಗೆ ಮಾತ್ರ. ಸಾಮಾನ್ಯ ಕಾಲೇಜಿನಲ್ಲಿ ಬಿ.ಕಾಂ. ಓದುವ ಕೂಲಿಕಾರನ ಮಗಳಿಗೆ ಅದರಿಂದ ಏನೂ ಇಲ್ಲ.

ಫೀಯ ವಿಷಯದಲ್ಲಿ ಮಹಾರಾಷ್ಟ್ರ ದೊಡ್ಡ ಹೆಜ್ಜೆ ಇಟ್ಟಿದೆ. 2024-25ರಿಂದ, ವಾರ್ಷಿಕ 8 ಲಕ್ಷದೊಳಗೆ ಆದಾಯವಿರುವ ಕುಟುಂಬಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಖಾಸಗಿ ವಿಶ್ವವಿದ್ಯಾಲಯಗಳು ಇದರಿಂದ ಹೊರಗೆ. ಎಂ.ಐ.ಟಿ. 2017ರಲ್ಲಿ ವಿಶ್ವವಿದ್ಯಾಲಯವಾಗಿರುವುದರಿಂದ, ಕೋಥರೂಡದಲ್ಲಿ ಅತ್ತಿತ್ತ ಇರುವ ಎರಡು ಕಾಲೇಜುಗಳಲ್ಲಿ ಓದುವ ಇಬ್ಬರು ಗೆಳತಿಯರಿಗೆ ಎರಡು ನ್ಯಾಯ.

ಗಡಿಯ ಕನ್ನಡಿಗರಿಗೆ ಇನ್ನೊಂದು ಗೆರೆಯಿದೆ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ ಮಹಾರಾಷ್ಟ್ರದ ಡೊಮಿಸೈಲ್ ಪತ್ರ ತೋರಿಸಿ ಫೀ ಮಾಫಿ ಪಡೆಯುತ್ತಾಳೆ. ಕರ್ನಾಟಕದ ಇಂಡಿಯಿಂದ ಬಂದವಳಿಗೆ ಅದು ಸಿಗದು. ಅವಳು ಪರಿಶಿಷ್ಟ ಜಾತಿಯವಳಾದರೆ ಕೇಂದ್ರದ ವಿದ್ಯಾರ್ಥಿವೇತನವನ್ನು ಕರ್ನಾಟಕದಿಂದ ಕೇಳಬೇಕು. ಇಬ್ಬರ ಮಾತೂ ಒಂದೇ, ಹೊಲವೂ ಒಂದೇ ಬರಗಾಲದ್ದು.

ಕೋಣೆ, ಊಟದ ಮಾತಿಗೆ ಬಂದರೆ ಇಬ್ಬರ ಕಷ್ಟವೂ ಒಂದೇ. ವಸತಿಗೃಹ ಸಿಗದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರದ ಸ್ವಾಧಾರ ಯೋಜನೆ ಪುಣೆಯಂಥ ನಗರದಲ್ಲಿ ವರ್ಷಕ್ಕೆ 60,000 ರೂಪಾಯಿ ನಿಗದಿ ಮಾಡಿತು. ಕರ್ನಾಟಕದ ವಿದ್ಯಾಸಿರಿ ಹಿಂದುಳಿದ ವರ್ಗದವರಿಗೆ ಆರಂಭದಲ್ಲಿ ತಿಂಗಳಿಗೆ 1,500 ಗೊತ್ತುಮಾಡಿತು. ಶಾಹು, ಭಾವುರಾವ್ ಹಿಡಿದ ದಾರಿಯನ್ನು ಸರ್ಕಾರ ಮರಳಿ ಹಿಡಿದ ಗುರುತು ಇವು. ಇವುಗಳ ಮೊತ್ತ ಹೆಚ್ಚಬೇಕು. ಅದಕ್ಕಿಂತ ಮುಖ್ಯವಾಗಿ, ಹಣ ವರ್ಷದ ಕೊನೆಗೆ ಖಾತೆಗೆ ಬೀಳುವ ಬದಲು ಜುಲೈಯಲ್ಲೇ ಕೈಸೇರಬೇಕು. ಕೋಣೆಯ ಡಿಪಾಜಿಟ್ಟು, ಮೆಸ್ಸಿನ ಮುಂಗಡ ಕೇಳುವುದು ಆಗಲೇ.